ಎರಡು ಬೆರಳು ಸಡಿಲ

ನಾನು ಹೊಲಿದ ಗುಂಡಿ ಇಲ್ಲಿಯವರೆಗೆ ಒಂದೂ ಕಿತ್ತು ಬಂದಿಲ್ಲ. ಒಬ್ಬ ಲಾರಿ ಚಾಲಕನ ಕೋಟು ಹಳೆಯದಾಗಿ, ತೂತು ಬಿದ್ದು, ನೂಲುನೂಲಾಗಿ ಉದುರಿಹೋಯಿತು. ಗುಂಡಿಗಳು ಮಾತ್ರ ಅವನ ಎದೆಯ ಮುಂದೆ ಗಾಳಿಯಲ್ಲಿ ಸಾಲಾಗಿ ನಿಂತಿದ್ದವು. ನಂಬದವರು ಆ ಚಾಲಕನನ್ನೇ ಕೇಳಬಹುದು. ಅವನು ಈಗ ಸಿಕ್ಕುವುದಿಲ್ಲ, ಅದು ಬೇರೆ ವಿಷಯ.

ನಮ್ಮದು ಹೆಚ್ಚಾಗಿ ಮಕ್ಕಳ ಬಟ್ಟೆ ಹೊಲಿಯುವ ಅಂಗಡಿ. ಮುಂದೆ ಅಂಗಡಿ, ನಡುವೆ ಒಂದು ಪರದೆ, ಹಿಂದೆ ಮನೆ, ಅದರ ಹಿಂದೆ ಹಿತ್ತಲು. ಕತ್ತರಿಸುವುದು, ಹೊಲಿಯುವುದು ನನ್ನ ಮಗ. ಅಳತೆ ಬರೆದುಕೊಳ್ಳುವುದು, ಇಸ್ತ್ರಿ ಹಾಕುವುದು ಸೊಸೆ. ಗುಂಡಿ, ಕಾಜ, ಅಂಚು ಮತ್ತು ಇಡೀ ಬೀದಿಯ ಸಮಾಚಾರ ನನ್ನ ಪಾಲಿನ ಕೆಲಸ. ಈ ನಾಲ್ಕರಲ್ಲೂ ನನ್ನನ್ನು ಮೀರಿಸುವವರು ಹುಟ್ಟಿಲ್ಲ. ಹುಟ್ಟಿದ್ದರೂ ನಮ್ಮ ಬೀದಿಗೆ ಬರುವ ಧೈರ್ಯ ಮಾಡಿಲ್ಲ.

ನನ್ನ ಗಂಡನ ಕಾಲದಿಂದಲೂ ನಮ್ಮ ಅಂಗಡಿಗೆ ಒಂದೇ ಕಟ್ಟಳೆ: ಮಕ್ಕಳ ಬಟ್ಟೆಗೆ ಎರಡು ಬೆರಳು ಸಡಿಲ. ಮಗು ಬೆಳೆಯುತ್ತದೆ, ಬಟ್ಟೆ ಬೆಳೆಯುವುದಿಲ್ಲ. ಆದ್ದರಿಂದ ಮಗ ಟೇಪು ಹಿಡಿದು ಮೈಯ ಅಳತೆಯನ್ನು ಇದ್ದಷ್ಟೇ ಕೂಗುತ್ತಾನೆ. ಸೊಸೆ ಅದಕ್ಕೆ ಎರಡು ಬೆರಳು ತಾನೇ ಸೇರಿಸಿ ಹಲಗೆಯ ಮೇಲೆ ಬರೆಯುತ್ತಾಳೆ. ಒಂದನೇ ತರಗತಿಗೆಂದು ನಮ್ಮಲ್ಲಿ ಅಂಗಿ ಹೊಲಿಸಿಕೊಂಡ ಹುಡುಗನೊಬ್ಬ ಅದೇ ಅಂಗಿಯಲ್ಲಿ ಕೆಲಸಕ್ಕೆ ಸೇರಿ, ಅದೇ ಅಂಗಿಯಲ್ಲಿ ಮದುವೆಯಾದ. ತೋಳು ಸ್ವಲ್ಪ ಗಿಡ್ಡವಾಯಿತು ಎಂದು ಹೆಂಡತಿ ಗೊಣಗಿದಳಂತೆ.

ನನ್ನ ಮೊಮ್ಮಗಳಿಗೆ ಎಂಟು ವರ್ಷ. ಅವಳನ್ನು ಎಲ್ಲರೂ ಬುಗುರಿ ಎನ್ನುತ್ತಾರೆ, ಯಾಕೆಂದರೆ ನಡೆಯುವುದು ಅವಳಿಗೆ ಗೊತ್ತಿರಲಿಲ್ಲ. ಹಿತ್ತಲಿನಿಂದ ಅಂಗಡಿಗೆ ಗಿರ್ರನೆ ತಿರುಗುತ್ತಲೇ ಬರುತ್ತಿದ್ದಳು. ಅವಳು ಹಾದುಹೋದ ಗಾಳಿಗೆ ಎದುರು ಬೀದಿಯ ಒಗೆದ ಬಟ್ಟೆ ಒಣಗುತ್ತಿತ್ತು.

ಅವಳಿಗೆ ಸುಟ್ಟ ದಿನದ ಮಾತನ್ನು ಮಾತ್ರ ನಾನು ಉಬ್ಬಿಸುವುದಿಲ್ಲ. ಇದ್ದಷ್ಟೇ ಸಾಕು. ಒಳಪದರದ ಬಟ್ಟೆ ಹೊಲಿದ ಮೇಲೆ ಕುಗ್ಗಬಾರದೆಂದು ಅದನ್ನು ಮೊದಲೇ ಕುದಿಯುವ ನೀರಲ್ಲಿ ಅದ್ದಿ ತೆಗೆಯುತ್ತೇವೆ. ಸೊಸೆ ಆ ನೀರಿನ ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೊರಟಿದ್ದಳು. ಮಗ ಅಂಗಡಿಯಿಂದ "ಬುಗುರಿ, ಬೇಗ ಬಾ, ಹೊಸ ಫ್ರಾಕ್ ಹಾಕಿ ನೋಡೋಣ" ಎಂದು ಕೂಗಿದ. ಹುಡುಗಿ ಹಿತ್ತಲಿನಿಂದ ತಿರುಗುತ್ತ ಬಂದಳು. ಎಡಗೈ, ಹೆಗಲಿನಿಂದ ಮಣಿಕಟ್ಟಿನವರೆಗೆ. ನಾನು ಅವಳನ್ನು ಎತ್ತಿಕೊಂಡು ಹೋಗಿ ನಲ್ಲಿಯ ಕೆಳಗೆ ಹಿಡಿದೆ. ವಾಹನ ಬರುವವರೆಗೂ ನಲ್ಲಿ ನಿಲ್ಲಿಸಲಿಲ್ಲ. ಅಷ್ಟೇ.

ಆಸ್ಪತ್ರೆಯಲ್ಲಿ ತೊಡೆಯ ಚರ್ಮ ತೆಗೆದು ಕೈಗೆ ಹಾಕಿದರು. ಹುಡುಗಿ ಗಟ್ಟಿ. ಗಾಯ ಮಾಯಿತು, ಮನೆಗೆ ಬಂದಳು. ಆಮೇಲೆ ಶುರುವಾಯಿತು ನೋಡಿ, ಅವಳಪ್ಪ ಅಮ್ಮನ ಕಾಯಿಲೆ.

ಸೊಸೆಯ ಬಾಯಿಂದ 'ಬೇಡ' ಎಂಬ ಶಬ್ದವೇ ಹಾರಿಹೋಯಿತು. ಬೆಳಿಗ್ಗೆ ಎದ್ದು ಬುಗುರಿ ಐಸ್‌ಕ್ರೀಮ್ ಕೇಳಿದರೆ ಐಸ್‌ಕ್ರೀಮ್. ನನ್ನ ಹಾಸಿಗೆ ಕೇಳಿದರೆ ನನ್ನ ಹಾಸಿಗೆ. ಒಂದು ದಿನ ಗೋಡೆಯ ಗಡಿಯಾರ ಬಿಚ್ಚಿಕೊಡು ಎಂದಳು, ಬಿಚ್ಚಿಕೊಟ್ಟರು. ಅದರ ಮುಳ್ಳು ಕಿತ್ತು ಗೊಂಬೆಗೆ ಕತ್ತಿ ಮಾಡಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಸಮಯವೇ ಇಲ್ಲ, ಹೊಟ್ಟೆ ಹಸಿದಾಗ ಮಧ್ಯಾಹ್ನ. ಇನ್ನು ಬಿಸಿ ಎಂಬುದು ಮನೆಯಿಂದ ಗಡೀಪಾರಾಯಿತು. ಒಲೆಯ ಮುಂದೆ ಎರಡು ಬೆಂಚು, ಒಂದು ಪೆಟ್ಟಿಗೆ, ಮೇಲೆ ಒಂದು ಏಣಿ. ಅಡುಗೆ ಮಾಡಲು ಸೊಸೆ ಕೋಟೆ ಹತ್ತಿ ಇಳಿಯಬೇಕು. ಊಟ ತಣ್ಣಗಾದ ಮೇಲೆ, ತಣ್ಣಗಾಯಿತೇ ಎಂದು ಮೂರು ಬಾರಿ ಮುಟ್ಟಿ ನೋಡಿದ ಮೇಲೆ ಬಡಿಸುತ್ತಿದ್ದಳು. ನನಗೆ ಕೊಡುತ್ತಿದ್ದ ಟೀಯಲ್ಲಿ ಮೀನು ಸಾಕಬಹುದಿತ್ತು.

"ಏನೇ ಇದು, ಕೆರೆ ನೀರಿಗೆ ಸಕ್ಕರೆ ಹಾಕಿದ್ದೀಯಾ?" ಎಂದೆ.

"ಮಗು ಓಡಾಡ್ತಿರುತ್ತೆ ಅತ್ತೆ. ಹೀಗೇ ಕುಡೀರಿ."

"ಮಗು ಎಲ್ಲಿ ಓಡಾಡುತ್ತೆ? ಕೂತಲ್ಲಿಂದ ಎದ್ದರೆ ನೀನೇ ಎತ್ತಿಕೊಳ್ತೀಯಲ್ಲ."

ಅದು ನಿಜ. ಬುಗುರಿ ತಿರುಗುವುದನ್ನು ಬಿಟ್ಟಿದ್ದಳು. ಎಡಗೈಯನ್ನು ಮಡಚಿ, ಎದೆಗೆ ಆನಿಸಿಕೊಂಡು, ಮುರಿದ ಛತ್ರಿ ಹಿಡಿದ ಮುದುಕಿಯ ಹಾಗೆ ಕೂತಿರುತ್ತಿದ್ದಳು. ಕೇಳಿದ್ದೆಲ್ಲ ಸಿಗುತ್ತಿತ್ತು, ಮುಖ ಮಾತ್ರ ಹುಳ್ಳಗೆ. ಒಂದು ಸಲ ನನ್ನ ದಾರದ ಉಂಡೆಗಳನ್ನೆಲ್ಲ ಬೇಕೆಂದೇ ಸಿಕ್ಕುಗೊಳಿಸಿದಳು. ನಾನು ಅವಳ ಏಳು ತಲೆಮಾರು ನೆನಪಿಟ್ಟುಕೊಳ್ಳುವ ಹಾಗೆ ಬೈದೆ. ಏಳರಲ್ಲಿ ನಾನೂ ಒಬ್ಬಳು, ಇರಲಿ. ಅವಳು ನನ್ನ ಹತ್ತಿರ ಸರಿದು ಕೂತಳು.

"ಅಜ್ಜಿ, ನೀನೊಬ್ಬಳೇ ಬೈಯೋದು."

"ಇನ್ನೊಂದು ಸಲ ಬೇಕಾ?"

"ಹೂಂ."

ಇನ್ನೊಂದು ಸಲ ಬೈದೆ. ಇನ್ನೂ ಚೆನ್ನಾಗಿ ಬಂತು. ಅವಳು ಅರ್ಧ ದಾರವನ್ನು ತಾನೇ ಬಿಡಿಸಿ ಕೊಟ್ಟಳು.

ಮಗನ ಕಾಯಿಲೆ ಬೇರೆ ಬಗೆಯದು. ಅವನು ಫ್ರಾಕ್ ಹೊಲಿಯತೊಡಗಿದ. ಎಲ್ಲವೂ ತುಂಬುತೋಳಿನವು, ಬೆರಳಿನ ತುದಿಯವರೆಗೆ ಬರುವಂಥವು. ನೀಲಿ, ಹಳದಿ, ಹೂವಿನದು, ಗೆರೆಯದು. ಬೀರು ತುಂಬಿತು, ಪೆಟ್ಟಿಗೆ ತುಂಬಿತು, ಕೊನೆಗೆ ನಾನು ಫ್ರಾಕ್ ಹೊದ್ದು, ಫ್ರಾಕಿನ ಮೇಲೆ ತಲೆಯಿಟ್ಟು ಮಲಗುವ ಪರಿಸ್ಥಿತಿ. ಇಡೀ ಪಟ್ಟಣದ ಹುಡುಗಿಯರಿಗೆ ಹಂಚಿದರೂ ಮಿಗುತ್ತಿದ್ದವು.

ಇಂಥ ಹೊತ್ತಿನಲ್ಲಿ ಆಸ್ಪತ್ರೆಯ ವ್ಯಾಯಾಮದ ಮೇಡಂ ನಮಗೆ ಸಿಕ್ಕಳು. ಸುಟ್ಟ ಮಕ್ಕಳ ಕೈಕಾಲು ಮತ್ತೆ ಆಡುವಂತೆ ಮಾಡುವುದು ಅವಳ ಕೆಲಸ. ಪುಟ್ಟ ಹೆಂಗಸು, ಹಿಡಿತ ಕಮ್ಮಾರನದು. ಬುಗುರಿಯ ಮೊಣಕೈಯನ್ನು ಮೆಲ್ಲನೆ ಚಾಚಿದಳು. ಅದು ಅರ್ಧ ದಾರಿಯಲ್ಲಿ ನಿಂತಿತು.

"ನೋಡಿ, ಹೊಸ ಚರ್ಮ ಹಟಮಾರಿ. ಬಿಟ್ಟರೆ ಉಬ್ಬುತ್ತೆ, ಗಂಟು ಕಟ್ಟುತ್ತೆ, ಕೈನ ಒಳಕ್ಕೆ ಎಳೆದುಕೊಳ್ಳುತ್ತೆ" ಎಂದಳು. "ಹಗಲೂ ರಾತ್ರಿ ಒತ್ತಿ ಹಿಡಿಯೋ ಬಿಗಿ ತೋಳು ಹಾಕಬೇಕು. ಸ್ನಾನಕ್ಕೆ, ಎಣ್ಣೆ ತಿಕ್ಕೋಕೆ ಮಾತ್ರ ಬಿಚ್ಚೋದು. ವರ್ಷಕ್ಕೂ ಮೇಲೆ ಹಾಕಬೇಕಾಗಬಹುದು. ನೀವೇ ಟೈಲರ್ ಅಂತ ಕೇಳಿದೆ. ಹಿಗ್ಗೋ ಬಟ್ಟೆ ಕೊಡ್ತೀನಿ, ಹೊಲೀತೀರಾ?"

ಮಗ ತಲೆಯಾಡಿಸಿದ. ನಾನು ಸುಮ್ಮನಿರುವ ಪೈಕಿಯಲ್ಲ. "ಮೇಡಮ್ಮೋರೇ, ಇವನು ಇರುವೆಗೆ ಕಾಲುಚೀಲ ಕೇಳಿದರೂ ಹೊಲಿದು ಕೊಡ್ತಾನೆ, ಆರಕ್ಕೆ ಆರೂ ಸರಿಯಾಗಿ" ಎಂದೆ.

"ಇರುವೆ ಇರಲಿ ಅಜ್ಜಿ, ಒಂದು ತೋಳು ಸರಿಯಾಗಿ ಬರಲಿ. ಮೈಯ ಅಳತೆಗಿಂತ ಸ್ವಲ್ಪ ಕಮ್ಮಿ ಇಟ್ಟು ಹೊಲೀಬೇಕು. ಎಷ್ಟು ಕಮ್ಮಿ ಅಂತ ನಾನು ಹೇಳ್ತೀನಿ. ಸಡಿಲ ಆದ್ರೆ ಹಾಕಿಯೂ ಒಂದೇ, ಹಾಕದೆಯೂ ಒಂದೇ."

ಮನೆಗೆ ಬಂದ ಮಗ ಒಂದೇ ಪಟ್ಟಿಗೆ ಕೂತು ಹೊಲಿದ. ಹೊಲಿಗೆ ನೋಡಿದರೆ ದೇವತೆಗಳು ಕೆಳಗಿಳಿದು ಬಂದು ತಮ್ಮ ಬಟ್ಟೆಗೂ ಹೀಗೇ ಹಾಕಿಕೊಡು ಎನ್ನಬೇಕು. ಮುಂದಿನ ಸಲ ಮೇಡಂ ಆ ತೋಳಿನೊಳಗೆ ಬೆರಳು ತೂರಿಸಿದಳು. ಬೆರಳು ಹೋಯಿತು. ಅಂಗೈ ಹೋಯಿತು. ಅವಳ ಕೈಗಡಿಯಾರವೂ ಹೋಯಿತು.

"ಇದು ತೋಳಲ್ಲ, ದಿಂಬಿನ ಚೀಲ" ಎಂದಳು.

"ಸರಿ ಮಾಡಿ ತರ್ತೀನಿ" ಎಂದ ಮಗ, ಕಿವಿಯವರೆಗೆ ಕೆಂಪಾಗಿ.

ಎರಡನೆಯದೂ ಸಡಿಲ. ಮೂರನೆಯದೂ ಹಾಗೇ. ಮಕ್ಕಳ ಬಟ್ಟೆಗೆ ಎದುರಿಲ್ಲದವನು ಒಂದು ಪುಟ್ಟ ತೋಳಿಗೆ ಮೂರು ಸಲ ಸೋತ. ನಾನೇ ಹೊಲಿಯುತ್ತೇನೆ ಎಂದು ಕೂತೆ. ನನ್ನದು ಎಷ್ಟು ಬಿಗಿಯಾಯಿತೆಂದರೆ ಬುಗುರಿಯ ಹೆಬ್ಬೆರಳು ಒಳಹೊಕ್ಕು ಅಲ್ಲೇ ಸಿಕ್ಕಿಕೊಂಡಿತು, ಕತ್ತರಿಸಿ ಬಿಡಿಸಬೇಕಾಯಿತು. ಅದು ಬಟ್ಟೆಯ ದೋಷ, ನನ್ನದಲ್ಲ.

ಮೂರನೆಯ ಸಲ ಮೇಡಂ ನಗಲಿಲ್ಲ. ಮೊಣಕೈ ಒಳಮಡಿಕೆಯಲ್ಲಿ ಹಗ್ಗದ ಹಾಗೆ ಎದ್ದಿದ್ದ ಗೆರೆಯನ್ನು ತೋರಿಸಿದಳು. "ಇದು ಹೋದ ಸಲ ಇಷ್ಟು ದಪ್ಪ ಇರಲಿಲ್ಲ. ಕೈ ಮೊದಲಿಗಿಂತ ಕಮ್ಮಿ ಚಾಚುತ್ತಾ ಇದೆ. ಮುಂದಿನ ಸಲವೂ ಹೀಗೇ ಬಂದರೆ ಡಾಕ್ಟರು ಮತ್ತೆ ಕತ್ತರಿಸಿ ಬಿಡಿಸಬೇಕು ಅಂತಾರೆ. ಮಗುವನ್ನು ಇನ್ನೊಂದು ಸಲ ಮಲಗಿಸೋದು ನಿಮಗೆ ಇಷ್ಟಾನಾ?"

ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ ಎಂದರೆ ಪರಿಸ್ಥಿತಿ ನಿಮಗೇ ಅರ್ಥವಾಗಬೇಕು.

ಮಾರನೆಯ ದಿನ ನಾನು ಗುಂಡಿ ಹಾಕುತ್ತಿದ್ದೆ, ಬುಗುರಿ ಕತ್ತರಿಸುವ ಮೇಜಿನ ಕೆಳಗೆ ಕೂತಿದ್ದಳು. ಮಗ ದಾರ ತರಲು ಹೋಗಿದ್ದ.

"ಅಜ್ಜಿ, ಅಪ್ಪಂಗೆ ಈ ಕೈ ಕಂಡ್ರೆ ಆಗಲ್ಲ" ಎಂದಳು.

"ಯಾರೇ ಹೇಳಿದ್ದು?"

"ಯಾರೂ ಹೇಳ್ಬೇಕಾಗಿಲ್ಲ. ಮುಟ್ಟೋದೇ ಇಲ್ಲ. ಎಣ್ಣೆ ಅಮ್ಮ ತಿಕ್ಕೋದು. ಅಪ್ಪ ಆವಾಗ ಹೊರಗೆ ಹೋಗಿ ಬೀದಿ ನೋಡ್ತಾನೆ. ಬೀದೀಲಿ ಏನಿರುತ್ತೆ?"

"ಅವನು ತೋಳಿಗೆ ಅಳತೆ ತಗೊಂಡಿಲ್ವಾ? ಮೂರು ಹೊಲಿದ್ನಲ್ಲ."

"ಇಲ್ಲ. ಅಳತೆ ಫ್ರಾಕ್ ನೋಡ್ಕೊಂಡು ಹೊಲಿದ."

ನನ್ನ ಕೈಯಲ್ಲಿದ್ದ ಸೂಜಿ ಗುಂಡಿಯನ್ನು ಬಿಟ್ಟು ನನ್ನ ಬೆರಳಿಗೇ ಹೋಯಿತು. ಅಂಗೈ ಹುಣ್ಣಿಗೆ ಕನ್ನಡಿ ಹುಡುಕುತ್ತಿದ್ದೆವು ನಾವು. ಅಳತೆ ಬಟ್ಟೆ ಎಂದರೆ ಸರಿಯಾಗಿ ಕೂರುವ ಒಂದು ಹಳೆಯ ಉಡುಪು. ಗಿರಾಕಿ ಬಾರದಿದ್ದರೆ ಅದನ್ನು ಕಳಿಸುತ್ತಾನೆ, ಅದರಂತೆ ಹೊಲಿಯುತ್ತೇವೆ. ಕಣ್ಣೆದುರಿಗೇ ಇರುವ ಮಗಳಿಗೆ ಇವನು ಸುಡುವ ಮುಂಚಿನ ಫ್ರಾಕನ್ನು ಮೇಜಿನ ಮೇಲೆ ಹಾಸಿ ಅಳತೆ ತೆಗೆದುಕೊಂಡಿದ್ದ. ಆ ಫ್ರಾಕಿನಲ್ಲಿ ಎರಡು ಬೆರಳು ಮೊದಲೇ ಸಡಿಲ. ಅದರ ಮೇಲೆ, ಮಲಗಿ ಮಲಗಿ ಮಗುವಿನ ಕೈ ಕಡ್ಡಿಯಾಗಿತ್ತು. ಮೇಡಂ ಹೇಳಿದಷ್ಟು ಕಳೆದರೂ ದಿಂಬಿನ ಚೀಲವಲ್ಲದೆ ಇನ್ನೇನು ಬರುತ್ತದೆ?

ಮಗನನ್ನು ಕೂರಿಸಿ ಬುದ್ಧಿ ಹೇಳಬಹುದಿತ್ತು. ಬುದ್ಧಿ ಹೇಳುವುದರಲ್ಲೂ ನನಗೆ ಸಮಾನರಿಲ್ಲ. ಆದರೆ ನನ್ನ ಮಗ ಬುದ್ಧಿಮಾತು ಕೇಳಿದರೆ ಹೂಂ ಎನ್ನುತ್ತಾನೆ, ಮತ್ತೆ ಹೂಂ ಎನ್ನುತ್ತಾನೆ, ಎದ್ದು ಹೋಗುತ್ತಾನೆ. ಆದ್ದರಿಂದ ಕಳ್ಳತನವೇ ಮೇಲು ಎನಿಸಿತು. ಆ ಅಳತೆ ಫ್ರಾಕನ್ನು ಮಡಚಿ, ನನ್ನ ಕುರ್ಚಿಯ ಮೇಲೆ ಹಾಕಿ, ಮೇಲೆ ಕೂತೆ. ನಾನು ಕೂತ ಮೇಲೆ ನನ್ನ ಕೆಳಗೆ ಏನಿದೆಯೆಂದು ನೋಡಲು ಭೂಕಂಪವೇ ಆಗಬೇಕು.

ಮಗ ಬಂದ. ಮೇಡಂ ಕೊಟ್ಟಿದ್ದ ಬಟ್ಟೆ ಹಾಸಿದ. ಸೀಮೆಸುಣ್ಣ ತೆಗೆದುಕೊಂಡ. ಆಮೇಲೆ ಹುಡುಕತೊಡಗಿದ.

"ಅಮ್ಮ, ಬುಗುರಿದು ಅಳತೆ ಫ್ರಾಕ್ ನೋಡಿದ್ಯಾ?"

"ಯಾವುದು?"

"ಹಸಿರುದು. ಇಲ್ಲೇ ನೇತಾಕಿದ್ದೆ."

"ನನ್ನ ಕಣ್ಣು ಮೊದಲಿನ ಹಾಗಿಲ್ಲಪ್ಪ." ಆಗ ನಾನು ಅತಿ ಚಿಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದೆ, ಒಂದೇ ಏಟಿಗೆ.

ಅವನು ಬೀರು ಕೆದಕಿದ. ಪೆಟ್ಟಿಗೆ ಕೆದಕಿದ. ತುಂಬುತೋಳಿನ ಫ್ರಾಕುಗಳು ಗುಡ್ಡವಾಗಿ ಬಿದ್ದವು. "ಇವೆಲ್ಲ ಇವೆಯಲ್ಲ, ಇವುಗಳಿಂದ ತಗೋ" ಎನ್ನುವಂತೆ ಸೊಸೆ ಪರದೆ ಸರಿಸಿ ಇಣುಕಿದಳು. ನಾನು ಗದರುವಂತೆ ಕಣ್ಣು ಬಿಟ್ಟೆ. ಅವಳು ಪರದೆ ಬಿಟ್ಟಳು.

ಆಗ ಮೇಜಿನ ಕೆಳಗಿನಿಂದ ಬುಗುರಿ ಹೊರಗೆ ಬಂದಳು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡಿದ್ದೇನೆ, ಅದು ಬೇರೆ. ಅವಳು ನೇರ ಅಂಗಡಿಯ ಬಾಗಿಲಿಗೆ ಹೋಗಿ, ಹೊರಗೆ ನಿಂತು, ಬಾಗಿಲ ಚೌಕಟ್ಟನ್ನು ತಟ್ಟಿದಳು. ನಮ್ಮ ಅಂಗಡಿಗೆ ಬರುವ ಒಬ್ಬ ದಪ್ಪ ಹೆಂಗಸಿದ್ದಾಳೆ, ಅಂಚೆ ಕಚೇರಿಯಲ್ಲಿ ಕೆಲಸ; ಬಟ್ಟೆ ಕೊಡುವ ಮೊದಲೇ ತಕರಾರು ಕೊಡುವವಳು. ಹುಡುಗಿ ಹೊಟ್ಟೆ ಮುಂದೆ ಚಾಚಿ ಥೇಟ್ ಅವಳಾದಳು.

"ಏನ್ರೀ ಟೈಲರ್, ಅಂಗಡಿ ತೆಗೆದಿದ್ದೀರೋ ಇಲ್ವೋ?"

ಮಗ ತಿರುಗಿ ನೋಡಿದ.

"ತೆಗೆದಿದೆ" ಎಂದ ಮೆಲ್ಲಗೆ.

"ಮತ್ತೆ ಬನ್ನಿ ಅನ್ನೋದಲ್ವಾ? ಹೋದ ಸಲ ಹೊಲಿದು ಕೊಟ್ರಲ್ಲ, ಗೋಣಿಚೀಲ. ಅದರೊಳಗೆ ನಾನೂ ನಮ್ಮೆಜಮಾನ್ರೂ ಇಬ್ರೂ ಹಿಡಿದ್ವಿ. ಈ ಸಲ ಬಿಗಿಯಾಗಿರಬೇಕು. ಅಳತೆ ಬಟ್ಟೆ ತಂದಿಲ್ಲ. ನನ್ನನ್ನೇ ಅಳೀರಿ."

ಬಂದು ಗಿರಾಕಿ ನಿಲ್ಲುವ ಜಾಗದಲ್ಲಿ ನಿಂತಳು. ಫ್ರಾಕಿನ ಎಡತೋಳನ್ನು ಬಲಗೈಯಿಂದ ಹೆಗಲವರೆಗೆ ಸರಿಸಿದಳು. ಎಡಗೈಯನ್ನು ಆದಷ್ಟು ಮುಂದೆ ಚಾಚಿದಳು. ಅದು ಪೂರ್ತಿ ಚಾಚಲಿಲ್ಲ, ನಡುವೆ ನಿಂತಿತು, ಕೈಕುಲುಕಲು ಬಂದವರು ಅರ್ಧಕ್ಕೆ ಮನಸ್ಸು ಬದಲಿಸಿದ ಹಾಗೆ.

ಮಗನ ಕೊರಳಲ್ಲಿ ಟೇಪು ತೂಗುತ್ತಿತ್ತು. ಅವನು ಅದನ್ನು ತೆಗೆಯಲಿಲ್ಲ.

"ನಾಳೆ..." ಎಂದ.

"ನಾಳೆ ಅಂಚೆ ಕಚೇರಿ ಇದೆ" ಎಂದಳು ಗಿರಾಕಿ.

ನಾನು ಗುಂಡಿ ಹಾಕುತ್ತಲೇ ಇದ್ದೆ. ಆಮೇಲೆ ನೋಡಿದರೆ ಆ ಅಂಗಿಯನ್ನು ನನ್ನ ಬಟ್ಟೆಗೇ ಸೇರಿಸಿ ಹೊಲಿದಿದ್ದೆ, ಮೂರು ಕಡೆ. ಮಗ ಮಂಡಿಯೂರಿ ಕೂತ. ಗಿರಾಕಿ ಚಿಕ್ಕವರಿದ್ದರೆ ಅವನು ಕೂರುವುದೇ ಹಾಗೆ, ಕಣ್ಣಿಗೆ ಕಣ್ಣು ಸರಿಯಾಗುವಂತೆ. ಟೇಪು ತೆಗೆದ. ಮಣಿಕಟ್ಟಿನ ಸುತ್ತ ಟೇಪು ತಂದ, ಆದರೆ ಚರ್ಮಕ್ಕೆ ತಾಗಿಸಲಿಲ್ಲ. ಟೇಪಿಗೂ ಕೈಗೂ ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ಜಾಗ.

"ಅಪ್ಪ, ತಾಗಲಿ" ಎಂದಳು ಬುಗುರಿ, ತನ್ನ ದನಿಯಲ್ಲೇ. "ಅಲ್ಲಿ ನೋಯಲ್ಲ."

ತಾಗಿಸಿದ.

"ಅಲ್ಲಿ ಗೊತ್ತೇ ಆಗಲ್ಲ. ಸ್ವಲ್ಪ ಮೇಲೆ ಬಂದ್ರೆ ಕಚಗುಳಿ ಆಗುತ್ತೆ. ಮೊಣಕೈ ಹತ್ರ ತುರಿಸುತ್ತೆ. ಇಲ್ಲಿ ಮಾತ್ರ ನೋಯುತ್ತೆ, ಇಲ್ಲಿ ಮೆಲ್ಲಗೆ." ಯಾವ ಬೀದಿಯಲ್ಲಿ ಯಾರ ಮನೆ ಎಂದು ತೋರಿಸುವ ಹಾಗೆ ಒಂದೊಂದೇ ಜಾಗ ತೋರಿಸಿದಳು. ಅವಳಪ್ಪನ ಬೆರಳು ಹಿಂದೆ ಹಿಂದೆ ಹೋಯಿತು. ಉಬ್ಬಿದ ಕಡೆ, ನುಣುಪಾದ ಕಡೆ, ಕಸೂತಿಯ ಹಿಂಭಾಗದ ಹಾಗೆ ಒರಟಾದ ಕಡೆ.

"ಅಪ್ಪ, ನೋಡೋಕೆ ಅಸಹ್ಯ ಆಗುತ್ತಾ?"

"ಇಲ್ಲ ಕಣೇ." ಅವನು ತಲೆ ಎತ್ತಲಿಲ್ಲ. "ನಾನು ಕೂಗಿದ್ದು. ಬೇಗ ಬಾ ಅಂತ ಕೂಗಿದ್ದಕ್ಕೆ ನೀನು ಓಡಿ ಬಂದೆ."

"ನಾನು ಯಾವಾಗ್ಲೂ ಓಡೇ ಬರೋದು. ನೀನು ಕೂಗದಿದ್ರೂ."

ಪರದೆಯ ಹಿಂದಿನಿಂದ ಸೊಸೆಯ ದನಿ ಬಂತು. "ಪಾತ್ರೆ ಹಿಡ್ಕೊಂಡಿದ್ದು ನಾನು. ಮುಚ್ಚಳ ಹಾಕಿರಲಿಲ್ಲ."

"ಮುಚ್ಚಳ ಹಾಕಿದ್ರೆ ಮುಚ್ಚಳಾನೂ ತಲೆ ಮೇಲೆ ಬೀಳ್ತಿತ್ತು ಅಮ್ಮ."

"ನಾನು ಕೂಗದಿದ್ರೆ..." ಎಂದ ಮಗ.

"ನಾನು ಅದನ್ನ ಎತ್ಕೊಂಡು ಬರದಿದ್ರೆ..." ಎಂದಳು ಸೊಸೆ.

ರಿಯಾಯಿತಿ ಮಾರಾಟದ ಮೊದಲ ದಿನವೂ ನಾನು ಇಷ್ಟು ನೂಕುನುಗ್ಗಲು ನೋಡಿರಲಿಲ್ಲ. ತಪ್ಪು ನನಗೆ ಬೇಕು, ನನಗೆ ಬೇಕು ಎಂದು ಗಂಡ ಹೆಂಡತಿ ಎರಡು ಕಡೆಯಿಂದ ಎಳೆಯುತ್ತಿದ್ದರು. "ಹರಿದು ಹೋದೀತು, ಮೆಲ್ಲಗೆ ಎಳೀರಿ" ಎಂದೆ. "ಅರ್ಧರ್ಧ ಹಂಚಿಕೊಳ್ಳಿ. ಇಲ್ಲಿ ಗಿರಾಕಿ ನಿಂತು ಕಾಲು ನೋಯಿಸಿಕೊಳ್ತಿದ್ದಾಳೆ. ಅಳತೆ ಬರಿಯೋರು ಯಾರು?"

ಸೊಸೆ ಪರದೆ ಸರಿಸಿ ಬಂದಳು. ಸುಟ್ಟ ದಿನದಿಂದ ಅವಳು ಅಂಗಡಿಗೆ ಕಾಲಿಟ್ಟಿರಲಿಲ್ಲ. ಗಿರಾಕಿಗಳ ಮುಂದೆ ನಿಲ್ಲಲು ಮುಖವಿಲ್ಲವೆಂದು ಅವಳ ಭಾವನೆ. ಮೂಗು ಒರೆಸಿಕೊಂಡು ಹಲಗೆ ಎತ್ತಿಕೊಂಡಳು, ಸೀಮೆಸುಣ್ಣ ಹಿಡಿದಳು. ಮಗ ಹಳೆಯ ದನಿಯಲ್ಲಿ ಕೂಗಿದ.

"ಮಣಿಕಟ್ಟು, ನಾಲ್ಕು ಮುಕ್ಕಾಲು."

ಸೊಸೆ ಬರೆದಳು.

"ಮುಂಗೈ, ಆರು. ಮೊಣಕೈ, ಆರೂವರೆ."

ಬುಗುರಿ ಕೈ ಚಾಚಿಕೊಂಡೇ ಕತ್ತು ನೀಡಿ ಹಲಗೆ ನೋಡಿದಳು. "ಅಮ್ಮ, ಅಪ್ಪ ನಾಲ್ಕು ಮುಕ್ಕಾಲು ಅಂದ. ನೀನು ಆರೂಕಾಲು ಬರ್ದಿದ್ದೀಯ."

"ಕೈ ತಪ್ಪಿತು ಪುಟ್ಟಾ."

"ತಪ್ಪಿಲ್ಲ. ಎರಡು ಬೆರಳು ಸೇರಿಸಿದ್ದೀಯ. ಎಲ್ಲಾದಕ್ಕೂ ಸೇರಿಸಿದ್ದೀಯ."

ಸೊಸೆ ಹಲಗೆಯನ್ನು ನೋಡಿದಳು. ಅವಳಿಗೇ ಗೊತ್ತಾಗಿರಲಿಲ್ಲ. ಅಭ್ಯಾಸ ಎಂಬುದು ಸೊಂಟಕ್ಕೆ ಕಟ್ಟಿದ ಚೀಲ. ಸ್ನಾನಕ್ಕೂ ಜೊತೆಗೇ ಬರುತ್ತದೆ. "ಬಿಗಿ ಆದ್ರೆ ನೋಯುತ್ತೆ" ಎಂದಳು.

"ಸಡಿಲ ಆದ್ರೆ ಮಡಚಿಕೊಳ್ಳುತ್ತೆ. ಮೇಡಂ ಹೇಳ್ಲಿಲ್ವಾ? ಅಳಿಸು."

ಸೊಸೆ ಅಂಗೈಯಿಂದಲೇ ಅಳಿಸಿದಳು. ಮಗ ಮತ್ತೆ ಮೊದಲಿನಿಂದ ಅಳೆದ, ಮತ್ತೆ ಕೂಗಿದ. ಈ ಸಲ ಟೇಪು ಚರ್ಮಕ್ಕೆ ಅಂಟಿಕೊಂಡಿತ್ತು. ಹಲಗೆಯ ಮೇಲೆ ಬುಗುರಿಯ ಕೈ ಇದ್ದಷ್ಟೇ ದಪ್ಪಕ್ಕೆ ಬಂದು ಕೂತಿತು. ಎಷ್ಟು ಸಣ್ಣ ಅಂಕಿಗಳು. ಮಗ ಅವುಗಳಿಂದ ಮೇಡಂ ಹೇಳಿದಷ್ಟು ಕಳೆದು, ಬಟ್ಟೆಗೆ ಗುರುತು ಹಾಕಿ, ಕತ್ತರಿ ಎತ್ತಿಕೊಂಡ.

ಮಧ್ಯಾಹ್ನದ ಹೊತ್ತಿಗೆ ತೋಳು ಸಿದ್ಧವಾಯಿತು. ಹಾಕುವುದಿದೆಯಲ್ಲ, ಅದೇ ಯುದ್ಧ. ಪುಡಿ ಹಚ್ಚಿ, ಸ್ವಲ್ಪ ಸ್ವಲ್ಪವೇ ಏರಿಸಬೇಕು. ಅಳತೆ ಕೊಡುವಾಗ ಅಷ್ಟು ಠೀವಿ ತೋರಿಸಿದ ಗಿರಾಕಿ ಈಗ ಚೀರಿದ ಚೀರಿಗೆ ಬೀದಿಯ ಕೊನೆಯ ಕಿವುಡನೂ ಕಿವಿ ಮುಚ್ಚಿಕೊಂಡನು. ಮೊಣಕೈ ದಾಟಿ ಮೇಲೆ ಬಂತು. ಕೂತಿತು. ಬೆರಳುಗಳು ಬೆಚ್ಚಗಿವೆಯೇ, ನೀಲಿಯಾಗಿಲ್ಲವೇ ಎಂದು ಮೇಡಂ ಹೇಳಿಕೊಟ್ಟಂತೆ ಮಗ ಒಂದೊಂದೇ ಹಿಡಿದು ನೋಡಿದ. ಎಲ್ಲ ಸರಿಯಾಗಿತ್ತು.

"ಬಿಚ್ಚು" ಎಂದಳು ಬುಗುರಿ.

ಮಗ ಸೊಸೆಯ ಕಡೆ ನೋಡಿದ.

"ಅಮ್ಮ, ಬಿಚ್ಚು. ನನಗೆ ಬೇಡ. ಹಿಚುಕುತ್ತೆ. ಬಿಚ್ಚಮ್ಮ."

ಸೊಸೆಯ ಕೈ ಮುಂದೆ ಹೋಯಿತು. ಗಡಿಯಾರ ಕೊಟ್ಟ ಕೈ, ಐಸ್‌ಕ್ರೀಮ್ ಕೊಟ್ಟ ಕೈ. ತೋಳಿನ ಅಂಚು ಹಿಡಿಯಿತು. ನನ್ನ ನಾಲಿಗೆ ತುದಿಗೆ ಹತ್ತು ಮಾತು ಬಂದು ನಿಂತಿದ್ದವು. ಹಲ್ಲು ಕಚ್ಚಿ ಹತ್ತನ್ನೂ ನುಂಗಿದೆ, ಈಗಲೂ ಅಜೀರ್ಣ. ಸೊಸೆ ಆ ಅಂಚನ್ನು ಎಳೆದು, ಸುಕ್ಕು ಬಿಡಿಸಿ, ಇನ್ನೂ ಸರಿಯಾಗಿ ಮೇಲಕ್ಕೇರಿಸಿದಳು.

"ಬಿಚ್ಚಲ್ಲ" ಎಂದಳು.

"ಬಿಚ್ಚು ಅಂದ್ನಲ್ಲ."

"ನಾನು ಇಲ್ಲ ಅಂದ್ನಲ್ಲ. ಸ್ನಾನಕ್ಕೆ ಬಿಚ್ತೀನಿ. ಅಲ್ಲೀವರೆಗೂ ಇರಲಿ."

ಬುಗುರಿ ಬಾಯಿ ತೆರೆದು ಅಮ್ಮನನ್ನು ನೋಡಿದಳು. ಆಮೇಲೆ ಕಾಲು ಅಪ್ಪಳಿಸಿದಳು. ನೀನು ಕೆಟ್ಟವಳು ಎಂದಳು, ನಿನ್ನ ಜೊತೆ ಮಾತು ಬಿಟ್ಟೆ ಎಂದಳು, ನಾನು ಅಂಚೆ ಕಚೇರಿಯವಳ ಮನೆಗೆ ಮಗಳಾಗಿ ಹೋಗುತ್ತೇನೆ ಎಂದಳು. ಹೋಗು, ಅವಳ ಬಟ್ಟೆಗೆ ಗುಂಡಿ ಹಾಕಿ ಹಾಕಿ ನಿನ್ನ ಕೈ ತಾನೇ ನೆಟ್ಟಗಾಗುತ್ತದೆ ಎಂದೆ. ಅವಳು ದಬದಬ ಹೆಜ್ಜೆ ಹಾಕುತ್ತ ಹಿತ್ತಲಿಗೆ ಹೋದಳು. ಯಾರೂ ಎತ್ತಿಕೊಳ್ಳಲು ಹಿಂದೆ ಓಡಲಿಲ್ಲ. ಸೊಸೆ ಗೋಡೆಗೆ ಒರಗಿ ನಿಂತು ಅತ್ತಳು, ಮಗ ಅವಳ ಪಕ್ಕದಲ್ಲಿ ನಿಂತು ಟೇಪು ಸುತ್ತುತ್ತ ಇದ್ದ. ಸ್ವಲ್ಪ ಹೊತ್ತಿಗೆ ಹಿತ್ತಲಿನಿಂದ ಪಕ್ಕದ ಮನೆಯ ಮಕ್ಕಳ ಜೊತೆ ಜಗಳವಾಡುವ ಸದ್ದು ಕೇಳಿಸಿತು. ಬುಗುರಿಯದೇ ದನಿ, ಎಲ್ಲರಿಗಿಂತ ಮೇಲೆ. ಇಬ್ಬರೂ ಅದನ್ನು ಸಂಗೀತ ಕೇಳುವವರ ಹಾಗೆ ಕೇಳಿದರು.

ಸೊಸೆ ಒಳಗೆ ಹೋಗಿ ಟೀ ಮಾಡಿ ತಂದುಕೊಟ್ಟಳು. ನಾಲಿಗೆ ಸುಟ್ಟಿತು. ದೂರು ಹೇಳಲಿಲ್ಲ.

ಮುಂದಿನ ಸಲ ಮೇಡಂ ತೋಳಿನ ಅಂಚಿಗೆ ಬೆರಳು ತೂರಿಸಲು ನೋಡಿದಳು. ಹೋಗಲಿಲ್ಲ. ಇನ್ನೊಂದು ಕಡೆ ನೋಡಿದಳು. ಹೋಗಲಿಲ್ಲ. ಬೆರಳಿನ ಬಣ್ಣ ನೋಡಿದಳು, ಮೊಣಕೈ ಚಾಚಿ ನೋಡಿದಳು, ಹಗ್ಗದಂತಿದ್ದ ಗೆರೆಯನ್ನು ಒತ್ತಿ ನೋಡಿದಳು.

"ಇದು ತೋಳು" ಎಂದಳು. "ಇದೇ ಬೇಕಾಗಿದ್ದಿದ್ದು. ಹೀಗೇ ಹಾಕಿಸಿ, ದಿನಾ ಚಾಚಿಸಿ. ಈಗ ಕತ್ತರಿಯ ಮಾತು ಬೇಡ."

"ನಾನೇ ಹೊಲಿದದ್ದು" ಎಂದೆ. ಯಾರೂ ಅಲ್ಲ ಎನ್ನಲಿಲ್ಲ; ನಮ್ಮ ಮನೆಯವರಿಗೆ ಅಷ್ಟು ಮರ್ಯಾದೆ ಗೊತ್ತು.

ಅಲ್ಲಿಂದ ಎಲ್ಲ ಒಂದೇ ದಿನಕ್ಕೆ ಸರಿಹೋಯಿತು ಎಂದು ಹೇಳಲು ನನಗೂ ಆಸೆ. ಹೋಗಲಿಲ್ಲ. ಕೈ ಚಾಚಿಸುವ ಹೊತ್ತಿಗೆ ಬುಗುರಿ ಅಳುತ್ತಾಳೆ, ಬೈಯುತ್ತಾಳೆ, ಒಂದು ಸಲ ಅಪ್ಪನ ಕೈಯನ್ನು ಕಚ್ಚಿದಳು. ಶಾಲೆಗೆ ಹೋದ ಮೊದಲ ದಿನ ಒಬ್ಬ ಹುಡುಗ ಏನೋ ಅಂದನಂತೆ. ಏನೆಂದು ಹೇಳಲಿಲ್ಲ, ಮಲಗುವಾಗ ನನ್ನ ಪಕ್ಕಕ್ಕೆ ಬಂದಳು. ಮರುದಿನ ತಾನೇ ಹೋದಳು. ಸೊಸೆ ಇನ್ನೂ ಪಾತ್ರೆ ಎತ್ತುವ ಮುಂಚೆ ನಾಲ್ಕೂ ದಿಕ್ಕು ನೋಡುತ್ತಾಳೆ, "ಬಿಸಿ, ಬಿಸಿ" ಎಂದು ಕೂಗುತ್ತಾಳೆ, ಮನೆಯಲ್ಲಿ ಯಾರೂ ಇಲ್ಲದಿದ್ದರೂ. ಕೂಗಲಿ. ತುಂಬುತೋಳಿನ ಫ್ರಾಕುಗಳಲ್ಲಿ ಅರ್ಧವನ್ನು ಬುಗುರಿ ತೋಳು ಕತ್ತರಿಸಿಕೊಡು ಎಂದಳು. ಈ ಬಿಗಿ ತೋಳು ಎಲ್ಲರಿಗೂ ಕಾಣಬೇಕಂತೆ, ಯಾಕೆಂದರೆ ಈಗಿನದು ಕೆಂಪು.

ಮಕ್ಕಳ ಕೈ ನಿಲ್ಲದೆ ಬೆಳೆಯುತ್ತದೆ, ಬಟ್ಟೆಯ ಹಿಗ್ಗು ಸವೆಯುತ್ತದೆ, ಆದ್ದರಿಂದ ತೋಳನ್ನು ಆಗಾಗ ಹೊಸದಾಗಿ ಹೊಲಿಯಬೇಕು. ನಿನ್ನೆಯೂ ಅಳತೆ ನಡೆಯಿತು. ಮಗ ಮಂಡಿಯೂರಿ ಕೂತಿದ್ದ. ಅದೇ ಹೊತ್ತಿಗೆ ಬಟ್ಟೆ ವ್ಯಾಪಾರಿ ಬಂದು, ಕಳಿಸಿದ ಬಟ್ಟೆಯ ಬಣ್ಣ ಒಂದೇ ಒಗೆತಕ್ಕೆ ಬಿಟ್ಟಿತು ಎಂಬ ತಕರಾರಿಗೆ ಉತ್ತರ ಕೊಡುತ್ತಿದ್ದ. ಉತ್ತರ ಸರಿಯಿರಲಿಲ್ಲ.

"ಬಿಸಿಲಿಗೆ ಹಾಕಿದ್ರೆ ಯಾವ ಬಣ್ಣ ನಿಲ್ಲುತ್ತೆ ಹೇಳಿ" ಎಂದ ವ್ಯಾಪಾರಿ.

"ಬಿಸಿಲಿಗೆ ಹಾಕದೆ ಬಟ್ಟೆನ ಬಾವಿಗೆ ಹಾಕಿ ಒಣಗಿಸ್ಲಾ?" ಮಗ ಬುಗುರಿಯ ಮೊಣಕೈಯನ್ನು ಎಡಗೈಯಲ್ಲಿ ಹಿಡಿದಿದ್ದ, ಹೆಬ್ಬೆರಳು ನೇರ ಆ ಉಬ್ಬಿದ ಗೆರೆಯ ಮೇಲೆ. "ಮೊಣಕೈ, ಏಳು. ನೀವು ಹೋದ ಸಲವೂ ಇದನ್ನೇ ಹೇಳಿದ್ರಿ. ಮೇಲ್ದೋಳು, ಏಳೂಕಾಲು."

"ಏಳೂಕಾಲು" ಎಂದು ಸೊಸೆ ಬರೆದುಕೊಂಡಳು, ಏಳೂಕಾಲೇ.

"ಅಪ್ಪ, ಆಯ್ತಲ್ಲ, ಬಿಡು. ಹೊರಗೆ ಕಾಯ್ತಿದ್ದಾರೆ."

"ಇರು" ಎಂದ ಅವನು, ಅವಳ ಕಡೆ ನೋಡದೆಯೇ. ವ್ಯಾಪಾರಿಗೆ ಬಣ್ಣದ ಬಗ್ಗೆ ಇನ್ನೊಂದು ಮಾತು ಹೇಳುವುದಿತ್ತು. ಅದನ್ನು ಹೇಳಿ ಮುಗಿಸುವವರೆಗೂ ಯಾವುದೋ ಒಂದು ಕೈ ಎಂಬಂತೆ ಅದನ್ನು ಹಿಡಿದುಕೊಂಡೇ ಇದ್ದ, ಹೆಬ್ಬೆರಳಿನಿಂದ ಸುಮ್ಮನೆ ಉಜ್ಜುತ್ತ.